ಕೊರಕಲು ನಾಡಿನಲ್ಲಿ ಕಿಲೋಮೀಟರ್ ಲೆಕ್ಕ ನಡೆಯಲ್ಲ

ಪ್ರಶ್ನೆ: ನಾವು ಮೂವರು ಗೆಳೆಯರು. ರಸ್ತೆಯಲ್ಲಿ 60 ಕಿ.ಮೀ. ಸೈಕಲ್ ತುಳಿಯುವುದು ನಮಗೆ ಕಷ್ಟವೇನಲ್ಲ. ಈಚೆಗೆ ನದಿ ಪಕ್ಕದ ಹಳ್ಳಿಗಾಡಿನಲ್ಲಿ, ಕೊರಕಲುಗಳ ನಡುವೆ ಒಂದು ದಾರಿಯನ್ನು ಆ್ಯಪ್‌ನಲ್ಲಿ ಗುರುತು ಮಾಡಿಕೊಂಡು ಹೊರಟೆವು. 38 ಕಿ.ಮೀ., ಒಟ್ಟು ಏರು 400 ಮೀಟರ್ ಅಂತ ತೋರಿಸಿತ್ತು. ನಾಲ್ಕು ತಾಸು ಸಾಕು ಅಂದುಕೊಂಡಿದ್ದೆವು. ಏಳು ತಾಸು ತುಳಿದರೂ 24 ಕಿ.ಮೀ. ದಾಟಲಿಲ್ಲ. ಕೊನೆಗೆ ಕತ್ತಲಾಗುವ ಹೊತ್ತಿಗೆ ಸೈಕಲ್ ನೂಕಿಕೊಂಡು ರಸ್ತೆ ಸೇರಿದೆವು. ನಮ್ಮವು ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಸೈಕಲ್‌ಗಳು. ಹಿಂದೆ ಮುಂದೆ ಎರಡೂ ಕಡೆ ಇರುವ ಫುಲ್ ಸಸ್ಪೆನ್ಷನ್ ಬೇಕಿತ್ತಾ? ಇಂಥ ಜಾಗದಲ್ಲಿ ದಾರಿ ಹುಡುಕುವುದು ಹೇಗೆ? ನದಿಯನ್ನು ಎಲ್ಲಿ ದಾಟಬೇಕು?

ಉತ್ತರ: ನಿಮ್ಮ ಕಾಲಲ್ಲಿ ದೋಷವಿಲ್ಲ, ಸೈಕಲ್‌ನಲ್ಲೂ ಇಲ್ಲ. ದೋಷ ಇರುವುದು ಆ 400 ಮೀಟರ್ ಅನ್ನೋ ಅಂಕಿಯಲ್ಲಿ. ಮೊದಲು ಅದನ್ನೇ ನೋಡೋಣ. ಅದು ಅರ್ಥವಾದರೆ ದಾರಿ ಹುಡುಕುವುದು ಹೇಗೆ ಅನ್ನೋದಕ್ಕೂ ಅರ್ಧ ಉತ್ತರ ಸಿಕ್ಕಂತೆ.

ಆ್ಯಪ್‌ಗೆ ನೆಲದ ಎತ್ತರ ಗೊತ್ತಾಗುವುದು ಚೌಕ ಚೌಕವಾಗಿ ಅಳೆದಿಟ್ಟ ಮಾಹಿತಿಯಿಂದ. ವಿಮಾನದಿಂದ ಲೇಸರ್ ಬಳಸಿ ನಿಖರವಾಗಿ ಅಳೆದ ಜಾಗಗಳನ್ನು ಬಿಟ್ಟರೆ, ಉಳಿದ ಕಡೆ ಬಹಳಷ್ಟು ನಕ್ಷೆಗಳು ಇವತ್ತಿಗೂ ಉಪಗ್ರಹ ಅಥವಾ ಬಾಹ್ಯಾಕಾಶ ನೌಕೆ ಅಳೆದ ಎತ್ತರಗಳನ್ನೇ ನೆಚ್ಚಿಕೊಂಡಿವೆ. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು, 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ರಾಡಾರ್‌ನಿಂದ ಅಳೆದದ್ದು. ಅದರ ಒಂದೊಂದು ಚೌಕ ಸುಮಾರು 30 ಮೀಟರ್ ಅಗಲ. ನೀವು ಇಳಿದು ಹತ್ತಿದ ಕೊರಕಲಿನ ಅಗಲ ಎಷ್ಟಿತ್ತು? ಹದಿನೈದು ಮೀಟರ್? ಇಪ್ಪತ್ತು? ಅಂದರೆ ಇಡೀ ಕೊರಕಲು ಒಂದೇ ಚೌಕದೊಳಗೆ ಮುಚ್ಚಿಹೋಗುತ್ತದೆ. ಆ ಚೌಕಕ್ಕೆ ಸಿಗುವುದು ಒಂದು ಸರಾಸರಿ ಎತ್ತರ ಅಷ್ಟೇ. ಸಾಲದ್ದಕ್ಕೆ ಕೊರಕಲಿನ ತಳದಲ್ಲಿ ಮರ ಪೊದೆ ದಟ್ಟವಾಗಿದ್ದರೆ ರಾಡಾರ್ ಅಲೆ ಬಹುಪಾಲು ನೆಲ ಮುಟ್ಟದೆ ಎಲೆ ಕೊಂಬೆಗಳಿಂದಲೇ ವಾಪಸಾಗುತ್ತದೆ. ಆಗ ಕೊರಕಲು ಇನ್ನಷ್ಟು ತುಂಬಿಕೊಂಡಂತೆ ಕಾಣುತ್ತದೆ. ಅದರ ಮೇಲೆ ಆ್ಯಪ್ ಕೂಡ ಸಣ್ಣಪುಟ್ಟ ಏರಿಳಿತಗಳನ್ನು ತಪ್ಪು ಅಳತೆ ಅಂತ ಭಾವಿಸಿ ಒರೆಸಿಹಾಕುತ್ತದೆ.

ಹೀಗಾಗಿ ದೊಡ್ಡ ಬೆಟ್ಟದ ಏರನ್ನು ಆ್ಯಪ್ ಚೆನ್ನಾಗಿಯೇ ಹೇಳುತ್ತದೆ, ಕೊರಕಲು ನಾಡಿನಲ್ಲಿ ಮಾತ್ರ ಕೈಕೊಡುತ್ತದೆ. ಒಂದು ಅಂದಾಜು ಹಾಕಿ ನೋಡಿ. ನೀವು 14 ಕೊರಕಲು ದಾಟಿದ್ದೀರಿ, ಒಂದೊಂದೂ 20 ಮೀಟರ್ ಆಳ ಅಂತಿಟ್ಟುಕೊಳ್ಳಿ. ಆ್ಯಪ್ ಹೇಳದೇ ಬಿಟ್ಟ ಏರೇ 280 ಮೀಟರ್ ಆಯಿತು. ಅದೂ ಹದವಾದ ಏರಲ್ಲ. ದಾರಿ ಓರೆಯಾಗಿ ಸುತ್ತಿ ಹೋದರೂ, 80 ಮೀಟರ್ ದೂರದಲ್ಲಿ 20 ಮೀಟರ್ ಹತ್ತುವುದೆಂದರೆ ಶೇ. 25ರ ಏರು. ಸಡಿಲ ಮಣ್ಣಿನಲ್ಲಿ ಅಷ್ಟು ಕಡಿದಾದ ಏರನ್ನು ಪಳಗಿದವರೂ ನೂಕಿಕೊಂಡೇ ಹತ್ತುತ್ತಾರೆ. ಇಳಿಯುವ ಮೊದಲು ನಿಂತು ನೋಡುವುದು, ಇಳಿಯುವುದು, ಹತ್ತುವುದು, ಹಿಂದಿನವರಿಗೆ ಕಾಯುವುದು, ಎಲ್ಲ ಸೇರಿ ಒಂದಕ್ಕೆ ಎಂಟು ನಿಮಿಷ ಹಿಡಿದರೂ ಬರೀ ದಾಟುವುದಕ್ಕೇ ಹತ್ತಿರ ಹತ್ತಿರ ಎರಡು ತಾಸು ಹೋಯಿತು. ಪ್ರತಿ ಸಲ ಕಾಲು ಬಸವಳಿಯುವುದು ಬೇರೆ.

ಅದಕ್ಕೇ ಇಂಥ ನಾಡಿನಲ್ಲಿ ಕಿಲೋಮೀಟರ್ ಎಣಿಸಬೇಡಿ, ದಾಟುಗಳನ್ನು ಎಣಿಸಿ. ದಾರಿ ಗುರುತು ಮಾಡುವಾಗ ನಾನು ಮೊದಲು ಬರೆದುಕೊಳ್ಳುವ ಅಂಕಿ ಅದೇ: ಈ ದಾರಿ ಎಷ್ಟು ಸಲ ನೀರಿನ ಹಾದಿಗೆ ಅಡ್ಡ ಹೋಗುತ್ತದೆ? 40 ಕಿ.ಮೀ.ಯಲ್ಲಿ ನಾಲ್ಕು ದಾಟು ಇದ್ದರೆ ಅದು ಆರಾಮದ ದಿನ. 20 ಕಿ.ಮೀ.ಯಲ್ಲಿ ಹದಿನೈದು ಇದ್ದರೆ ಅದು ಕಷ್ಟದ ದಿನ.

ಹಾಗಾದರೆ ದಾಟು ಕಡಿಮೆ ಮಾಡುವುದು ಹೇಗೆ? ಈ ನೆಲ ಹೇಗೆ ಆಗಿದೆ ಅಂತ ನೋಡಿದರೆ ತಿಳಿಯುತ್ತದೆ. ನದಿ ತನ್ನ ಪಾತ್ರವನ್ನು ಆಳಕ್ಕೆ ಕೊರೆದುಕೊಂಡಾಗ, ಅಕ್ಕಪಕ್ಕದ ನೆಲದಿಂದ ಹರಿದು ಬರುವ ಮಳೆನೀರಿಗೆ ಧುಮುಕಲು ಎತ್ತರ ಸಿಗುತ್ತದೆ. ಆ ನೀರು ಮೆತ್ತನೆಯ ಮೆಕ್ಕಲು ಮಣ್ಣನ್ನು ಕಡಿಯುತ್ತಾ ಹೋದಂತೆ, ಕೊರಕಲು ದಂಡೆಯಿಂದ ಶುರುವಾಗಿ ಹಿಂದಕ್ಕೆ ಹಿಂದಕ್ಕೆ, ಹೊಲಗಳ ಕಡೆಗೆ ಬೆಳೆಯುತ್ತದೆ. ಮೇಲಿನಿಂದ ನೋಡಿದರೆ ಎಲೆಯ ನರಗಳ ಹಾಗೆ ಕಾಣುತ್ತದೆ. ನಡುವಿನ ದಪ್ಪ ನರ ನದಿ, ಕವಲುಗಳೆಲ್ಲ ಕೊರಕಲುಗಳು. ನದಿಯ ಹತ್ತಿರ ಕೊರಕಲು ಆಳ ಮತ್ತು ಅಗಲ. ದೂರ ಹೋದಂತೆ ಕಿರಿದು, ಕಡಿಮೆ ಆಳ. ಕೊನೆಗೆ ಹೊಲದ ಅಂಚಿನಲ್ಲಿ ಒಂದು ಸಣ್ಣ ಕುಸಿತ. ಅದನ್ನು ಕೊರಕಲಿನ ತಲೆ ಅನ್ನೋಣ.

ಎರಡು ಕೊರಕಲುಗಳ ನಡುವೆ ಉಳಿದ ಎತ್ತರದ ನೆಲವೇ ಏಣು. ಏಣಿನ ನೆತ್ತಿಯ ಮೇಲೆ ಹೋದರೆ ಒಂದೂ ದಾಟು ಬರುವುದಿಲ್ಲ, ಯಾಕಂದರೆ ನೀರು ಅಲ್ಲಿಂದ ಎರಡೂ ಕಡೆ ಇಳಿದು ಹೋಗುತ್ತದೆ, ಅಡ್ಡ ಹರಿಯುವುದಿಲ್ಲ. ನೀವು ಮಾಡಿದ್ದು ಏನಿರಬಹುದು ಅಂತ ಊಹಿಸಬಲ್ಲೆ. ನೋಟ ಚೆನ್ನಾಗಿರುತ್ತದೆ ಅಂತ ನದಿಗೆ ಸಮಾನಾಂತರವಾಗಿ, ಅರ್ಧ ಕಿಲೋಮೀಟರ್ ದೂರದಲ್ಲಿ ಗೆರೆ ಎಳೆದಿರುತ್ತೀರಿ. ಕೊರಕಲುಗಳು ಅತಿ ಆಳವಾಗಿರುವುದು ಅಲ್ಲೇ. ಪ್ರತಿಯೊಂದನ್ನೂ ಅದರ ಅತಿ ಕೆಟ್ಟ ಜಾಗದಲ್ಲಿ ದಾಟಿದಂತಾಯಿತು.

ನದಿಗೆ ಸಮಾನಾಂತರವಾಗಿ ಹೋಗಲೇಬೇಕಿದ್ದರೆ ಎರಡೇ ಒಳ್ಳೆಯ ಜಾಗ. ಒಂದು, ಕೊರಕಲುಗಳ ತಲೆಗಿಂತ ಮೇಲೆ, ಹೊಲಗಳ ಮಟ್ಟದಲ್ಲಿ. ಇನ್ನೊಂದು, ತೀರಾ ಕೆಳಗೆ, ನದಿಯ ಹಳೆಯ ದಂಡೆಯ ಮೇಲೆ. ಈ ಹಳೆಯ ದಂಡೆ ಅಂದರೆ ನದಿ ಹಿಂದೆಂದೋ ಹರಿಯುತ್ತಿದ್ದ, ಈಗ ಅದಕ್ಕಿಂತ ಕೆಲವು ಮೀಟರ್ ಮೇಲಿರುವ ಸಮತಟ್ಟು. ಮಣ್ಣು ಗಟ್ಟಿಯಾಗಿರುತ್ತದೆ, ಕಾಲುದಾರಿಯೂ ಇರುತ್ತದೆ, ಸೈಕಲ್ ತಾನಾಗಿ ಓಡುತ್ತದೆ. ಅಲ್ಲೂ ಕೊರಕಲಿನ ಬಾಯಿಗಳು ಎದುರಾಗುತ್ತವೆ. ಆದರೆ ಬಾಯಿಯ ಹತ್ತಿರ ಅವು ಅಗಲವಾಗಿ, ತಳ ಮಟ್ಟಸವಾಗಿರುವುದರಿಂದ ದಾಟುವುದು ಸುಲಭ. ನಡುವಿನ ಪಟ್ಟಿಯಲ್ಲಿ ಅಡ್ಡ ಹೋಗಬೇಡಿ. ಅಲ್ಲಿ ಏಣು ಹಿಡಿದು ಮೇಲಿಂದ ಕೆಳಕ್ಕೆ ಅಥವಾ ಕೆಳಗಿಂದ ಮೇಲಕ್ಕೆ ಮಾತ್ರ ಹೋಗಿ.

ನಕ್ಷೆಯಲ್ಲಿ ಏಣು ಯಾವುದು, ಕೊರಕಲು ಯಾವುದು ಅಂತ ಗುರುತಿಸುವುದನ್ನು ಒಂದು ಸಂಜೆ ಕೂತು ಕಲಿತುಬಿಡಿ. ಎತ್ತರದ ಗೆರೆಗಳು, ಅಂದರೆ ಕಾಂಟೂರ್‌ಗಳು, ಕೊರಕಲಿಗೆ ಬಂದಾಗ ಮೇಲ್ಗಡೆಗೆ ಮೂತಿ ಚಾಚುತ್ತವೆ; ಏಣಿಗೆ ಬಂದಾಗ ಕೆಳಗಡೆಗೆ. ಇಷ್ಟೇ ಸೂತ್ರ. ಆದರೆ ಇದರಲ್ಲೂ ಒಂದು ಮಿತಿ ಇದೆ. ಗೆರೆಗಳ ನಡುವಿನ ಅಂತರ 20 ಮೀಟರ್ ಇರುವ ನಕ್ಷೆಯಲ್ಲಿ 18 ಮೀಟರ್ ಆಳದ ಕೊರಕಲು ಒಂದು ಗೆರೆಯನ್ನೂ ಮುಟ್ಟದೆ ನುಸುಳಿಕೊಳ್ಳಬಹುದು. ಹಾಗಾಗಿ ಕಾಂಟೂರ್ ನೋಡಿದ ಮೇಲೆ ಉಪಗ್ರಹದ ಫೋಟೋವನ್ನೂ ನೋಡಲೇಬೇಕು.

ಫೋಟೋದಲ್ಲಿ ಮೂರು ಗುರುತು ಹುಡುಕಿ. ನೆರಳು: ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬೆಳ್ಳಗೆ ಹೊಳೆಯುವ ಗೆರೆ ಇದ್ದರೆ ಅದು ಕಡಿದಾದ ಗೋಡೆ. ಹಸಿರು: ಒಣ ತಿಂಗಳಲ್ಲಿ ತೆಗೆದ ಫೋಟೋದಲ್ಲಿ ಹಸಿರು ಎಳೆ ಕಂಡರೆ ತಳದಲ್ಲಿ ತೇವವಿದೆ, ಪೊದೆಯಿದೆ, ಮುಳ್ಳೂ ಇರಬಹುದು. ಮೂರನೆಯದು ನನಗೆ ತುಂಬಾ ಇಷ್ಟದ್ದು, ಕಾಲುದಾರಿಯ ಬಾಗು. ನೇರವಾಗಿ ಹೋಗುತ್ತಿದ್ದ ಕಾಲುದಾರಿ ಕಾರಣವಿಲ್ಲದೆ ಮೇಲಕ್ಕೆ ತಿರುಗಿ, ಒಂದು ಸುತ್ತು ಹಾಕಿ ಮತ್ತೆ ಹಳೆಯ ದಿಕ್ಕಿಗೆ ಬಂತು ಅಂದರೆ, ಆ ಸುತ್ತಿನೊಳಗೆ ಒಂದು ಕೊರಕಲಿನ ತಲೆ ಇದೆ ಅಂತಲೇ ಅರ್ಥ. ಅಲ್ಲಿನ ಜನ, ದನಕರು ಎಷ್ಟೋ ವರ್ಷದಿಂದ ನಡೆದು ಕಂಡುಕೊಂಡ ದಾರಿ ಅದು. ನಿಮ್ಮ ಗೆರೆಯನ್ನು ಅದರ ಮೇಲೆಯೇ ಎಳೆಯಿರಿ, ಅಡ್ಡದಾರಿ ಹಿಡಿಯಬೇಡಿ. ಸ್ಥಳಕ್ಕೆ ಹೋದಾಗಲೂ “ಈ ದಾರಿ ಎಲ್ಲಿಗೆ ಹೋಗುತ್ತೆ” ಅಂತ ಕೇಳುವುದಕ್ಕಿಂತ “ಗಾಡಿ ಎಲ್ಲಿ ದಾಟುತ್ತೆ, ದನ ಎಲ್ಲಿ ಇಳಿಯುತ್ತವೆ” ಅಂತ ಕೇಳಿ. ಗಾಡಿ ದಾಟುವ ಕಡೆ ಸೈಕಲ್ ತುಳಿಯಬಹುದು. ದನ ಇಳಿಯುವ ಕಡೆ ಸೈಕಲ್ ನೂಕಬಹುದು. ಆಡು ಮಾತ್ರ ಇಳಿಯುತ್ತೆ ಅಂದರೆ ಬಿಟ್ಟುಬಿಡಿ.

ಇನ್ನೊಂದು ಮಾತು. ಕೊರಕಲು ಒಂದೇ ಕಡೆ ನಿಲ್ಲುವುದಿಲ್ಲ. ಅದರ ತಲೆ ಪ್ರತಿ ಮಳೆಗಾಲದಲ್ಲೂ ಹಿಂದಕ್ಕೆ ಸರಿಯಬಹುದು. ಯಾರೋ ಎರಡು ವರ್ಷದ ಹಿಂದೆ ತುಳಿದು ಹಾಕಿದ ಜಿಪಿಎಸ್ ಗೆರೆ ಈಗ ಗಾಳಿಯಲ್ಲಿ ತೇಲುತ್ತಿರಬಹುದು. ಮಳೆಗಾಲ ಕಳೆದ ಮೇಲಿನ ಮೊದಲ ಸವಾರಿಯಲ್ಲಿ ಹಳೆಯ ಗೆರೆಯನ್ನು ನಂಬಿ ವೇಗವಾಗಿ ಹೋಗಲೇಬೇಡಿ. ಮುಸ್ಸಂಜೆಯಲ್ಲಂತೂ ಖಂಡಿತ ಬೇಡ.

ಅಂಚಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದು ಕಣ್ಣಿಗೆ ಕಾಣದ ಅಪಾಯ. ಮೆಕ್ಕಲು ಮಣ್ಣಿನಲ್ಲಿ ನೀರು ಮೇಲಷ್ಟೇ ಹರಿಯುವುದಿಲ್ಲ. ಬಿರುಕು, ಬಿಲಗಳ ಮೂಲಕ ಒಳಗಿಳಿದು, ನೆಲದೊಳಗೇ ಕೊಳವೆಯಂಥ ದಾರಿ ಕೊರೆದು, ಕೊರಕಲಿನ ಗೋಡೆಯಿಂದ ಹೊರಬೀಳುತ್ತದೆ. ಮೇಲೆ ಗಟ್ಟಿ ನೆಲ, ಹುಲ್ಲು, ಸೈಕಲ್ ಗುರುತು ಎಲ್ಲ ಇರುತ್ತದೆ, ಕೆಳಗೆ ಟೊಳ್ಳು. ಅಂಚಿಗೆ ಸಮಾನಾಂತರವಾಗಿ ಕೂದಲೆಳೆಯಂಥ ಬಿರುಕು ಕಂಡರೆ, ಅಥವಾ ಅಂಚಿನಿಂದ ಒಂದೆರಡು ಮೀಟರ್ ಒಳಗೆ ಬಾವಿಯಂಥ ದುಂಡನೆಯ ಗುಂಡಿ ಕಂಡರೆ, ಆ ಅಂಚು ಹೋಗಲು ಸಿದ್ಧವಾಗಿದೆ ಅಂತ ತಿಳಿಯಿರಿ. ನನ್ನ ನಿಯಮ ಸರಳ: ಗೋಡೆ ಎಷ್ಟು ಎತ್ತರವೋ ಕಡೇಪಕ್ಷ ಅಷ್ಟು ದೂರ ಒಳಗೆ ಇರಬೇಕು. ಫೋಟೋ ತೆಗೆಯಲು ಮೂವರೂ ಒಟ್ಟಿಗೆ ಅಂಚಿನಲ್ಲಿ ನಿಲ್ಲುವುದು ಬೇಡವೇ ಬೇಡ. ನದಿಯ ತಿರುವಿನ ಹೊರದಂಡೆಗೂ ಇದೇ ಮಾತು. ನೀರು ಅಲ್ಲಿ ಬುಡವನ್ನು ಕೊರೆಯುತ್ತಲೇ ಇರುತ್ತದೆ.

ಇನ್ನು ಕೊರಕಲಿಗೆ ಇಳಿದು ಹತ್ತುವ ಕ್ರಮ. ದಾರಿಯಲ್ಲಿ ಗೊತ್ತಿಲ್ಲದ ಕೊರಕಲು ಬಂದರೆ ಮೊದಲು ಇಳಿದು ನಡೆದು ನೋಡಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ತಳವನ್ನು ನೋಡಿ. ನಿಮ್ಮ ಸೈಕಲ್‌ನ ಎರಡು ಚಕ್ರಗಳ ನಡುವಿನ ಅಂತರ ಸುಮಾರು 1.1ರಿಂದ 1.2 ಮೀಟರ್. ತಳ ಅದಕ್ಕಿಂತ ಕಿರಿದಾಗಿ, ಎರಡೂ ಕಡೆ ಗೋಡೆ ಕಡಿದಾಗಿದ್ದರೆ, ಹಿಂದಿನ ಚಕ್ರ ಇನ್ನೂ ಇಳಿಜಾರಿನಲ್ಲಿ ಇರುವಾಗಲೇ ಮುಂದಿನ ಚಕ್ರ ಎದುರು ಗೋಡೆಗೆ ಕಚ್ಚಿಕೊಳ್ಳುತ್ತದೆ. ನೀವು ಹ್ಯಾಂಡಲ್ ಮೇಲಿಂದ ಹಾರುತ್ತೀರಿ. ಅಂಥದ್ದನ್ನು ನಡೆದೇ ದಾಟಬೇಕು. ತಳ ಎರಡು ಮೂರು ಮೀಟರ್ ಮಟ್ಟಸವಾಗಿದ್ದರೆ ತುಳಿಯಬಹುದು.

ತುಳಿಯುವುದಾದರೆ ಸೀಟ್ ತಗ್ಗಿಸಿ. ಗೇರ್ ಬದಲಾಯಿಸುವುದು ಇಳಿಯುವ ಮೊದಲೇ ಆಗಬೇಕು, ಮಟ್ಟಸ ನೆಲದಲ್ಲಿ ಪೆಡಲ್ ಹಗುರವಾಗಿ ತಿರುಗುತ್ತಿರುವಾಗ. ಎದುರಿನ ಏರಿಗೆ ಯಾವುದು ಬೇಕೋ ಅದನ್ನೇ ಹಾಕಿಕೊಳ್ಳಿ. ಏರಿನಲ್ಲಿ ಜೋರಾಗಿ ತುಳಿಯುತ್ತಾ ಗೇರ್ ಬದಲಿಸಿದರೆ ಚೈನ್ ತುಂಡಾಗುವುದು ಅಲ್ಲೇ. ಇಳಿಯುವಾಗ ಎರಡೂ ಪೆಡಲ್ ಸಮಮಟ್ಟದಲ್ಲಿರಲಿ, ಹಿಮ್ಮಡಿ ಕೆಳಗಿರಲಿ, ಸೊಂಟ ಸೀಟಿನ ಹಿಂದಕ್ಕೆ ಸ್ವಲ್ಪ ಸರಿಯಲಿ. ಬ್ರೇಕ್ ಕೆಲಸ ಇಳಿಜಾರಿನ ಮೇಲ್ಭಾಗದಲ್ಲೇ ಮುಗಿಯಬೇಕು. ತಳ ಮುಟ್ಟುವ ಹೊತ್ತಿಗೆ ಬೆರಳು ಸಡಿಲವಾಗಿರಬೇಕು, ಯಾಕಂದರೆ ಅಲ್ಲಿ ಮೈಭಾರವೆಲ್ಲ ಒಮ್ಮೆಲೇ ಕೆಳಕ್ಕೆ ಒತ್ತುತ್ತದೆ. ಆಗ ಮುಂದಿನ ಬ್ರೇಕ್ ಹಿಡಿದರೆ ಚಕ್ರ ನಿಂತೇಹೋಗುತ್ತದೆ. ಮೊಣಕಾಲು, ಮೊಣಕೈ ಬಾಗಿರಲಿ. ಕಣ್ಣು ತಳದ ಕಲ್ಲಿನ ಮೇಲೆ ಬೇಡ, ಎದುರು ಏರು ಮುಗಿಯುವ ಜಾಗದ ಮೇಲಿರಲಿ. ಮುಂದಿನ ಚಕ್ರ ಏರು ಹಿಡಿದ ಕೂಡಲೇ ಎದೆ ಮುಂದಕ್ಕೆ ಬಗ್ಗಿಸಿ, ಸೀಟಿನ ಮೂತಿಯ ಮೇಲೆ ಕೂತು ಒಂದೇ ಸಮ ತುಳಿಯಿರಿ. ಎದ್ದು ನಿಂತು ತುಳಿದರೆ ಸಡಿಲ ಮಣ್ಣಿನಲ್ಲಿ ಹಿಂದಿನ ಚಕ್ರ ಸುಮ್ನೆ ತಿರುಗುತ್ತದೆ. ಒಬ್ಬರು ಮೇಲೆ ಹತ್ತಿದ ಮೇಲೆಯೇ ಇನ್ನೊಬ್ಬರು ಇಳಿಯಬೇಕು.

ನದಿ ದಾಟುವ ವಿಷಯಕ್ಕೆ ಬರೋಣ. ನದಿ ಎಲ್ಲ ಕಡೆ ಒಂದೇ ಆಳ ಇರುವುದಿಲ್ಲ. ತಿರುವುಗಳಲ್ಲಿ ಮಡುವು, ಎರಡು ತಿರುವುಗಳ ನಡುವಿನ ನೇರ ಜಾಗದಲ್ಲಿ ಕಲ್ಲು ಹರಳು ತುಂಬಿ ಆಳ ಕಡಿಮೆ, ಅಗಲ ಜಾಸ್ತಿ. ಕಲ್ಲು ಹರಳಿನ ನದಿಗಳಲ್ಲಿ ಇಂಥ ತೆಳುನೀರಿನ ಜಾಗಗಳು ಸಾಮಾನ್ಯವಾಗಿ ನದಿ ಅಗಲದ ಐದರಿಂದ ಏಳು ಪಟ್ಟು ದೂರಕ್ಕೊಂದರಂತೆ ಬರುತ್ತವೆ. ನದಿ 20 ಮೀಟರ್ ಅಗಲವಿದ್ದರೆ 100–140 ಮೀಟರ್ ದಂಡೆ ಗುಂಟ ನಡೆದರೆ ಇನ್ನೊಂದು ಸಿಗುವ ಸಂಭವ ಇದೆ. ತಿರುವಿನಲ್ಲಿ ನಿಂತು ಧೈರ್ಯ ಒಟ್ಟುಗೂಡಿಸುವ ಬದಲು ನಾಲ್ಕು ಹೆಜ್ಜೆ ನಡೆದು ಹುಡುಕುವುದು ಮೇಲು.

ಜಾಗ ಸಿಕ್ಕ ಮೇಲೂ ನೀರು ಮೊಣಕಾಲಿಗಿಂತ ಮೇಲೆ ಬರುತ್ತದೆ ಅಂದರೆ ಬೇಡ. ಒಂದು ಕಡ್ಡಿ ಎಸೆದು ನೋಡಿ. ನೀವು ನಡೆಯುವುದಕ್ಕಿಂತ ಬೇಗ ಅದು ತೇಲಿಹೋದರೂ ಬೇಡ. ಕೆಳಗಡೆ ಬಂಡೆ, ಬಿದ್ದ ಮರ, ಮಡುವು ಇದ್ದರೂ ಬೇಡ. ನೀರಿನ ವೇಗ ಎರಡು ಪಟ್ಟಾದರೆ ಅದು ನಿಮ್ಮನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ರಭಸವಾಗಿ ಹರಿಯುವ ಬರೀ 15 ಸೆಂ.ಮೀ. ನೀರು ಕೂಡ ದೊಡ್ಡವರನ್ನು ಬೀಳಿಸಬಲ್ಲದು. ದಾಟುವಾಗ ಶೂ ಕಳಚಬೇಡಿ, ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿರಿ. ಸೈಕಲ್ ನಿಮ್ಮ ಕೆಳಗಡೆಯ ಪಕ್ಕದಲ್ಲಿರಲಿ, ಅಂದರೆ ನೀರು ಹರಿದು ಹೋಗುವ ಕಡೆ. ಮೇಲ್ಗಡೆ ಇಟ್ಟುಕೊಂಡರೆ ನೀರು ಸೈಕಲ್ಲನ್ನೇ ನಿಮ್ಮ ಕಾಲಿಗೆ ತಂದು ಗುದ್ದುತ್ತದೆ. ಕೈ ತಪ್ಪಿದರೆ ಸೈಕಲ್ ಹೋಗಲಿ, ಹಿಂದೆ ಓಡಬೇಡಿ. ನೀರು ಶಾಂತವಾಗಿದ್ದರೆ ಸೈಕಲ್ಲನ್ನು ಎತ್ತಿಕೊಂಡೇ ಹೋಗಿ. ಚಕ್ರದ ನಡುವಿನ ಬಿಸಿಯಾದ ಹಬ್ ತಣ್ಣನೆ ನೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬೇರಿಂಗ್ ಹಾಳಾಗುವುದು ಹಾಗೆ. ಆಚೆ ದಡದಲ್ಲಿ ಎರಡು ಮೂರು ಸಲ ಬ್ರೇಕ್ ಹಿಡಿದು ಡಿಸ್ಕ್ ಒಣಗಿಸಿಕೊಂಡು ಮುಂದೆ ಹೊರಡಿ.

ಒಣಗಿದ ಕೊರಕಲಿನ ತಳ ತಂಪಾಗಿರುತ್ತದೆ, ಮರಳು ಮೆತ್ತಗಿರುತ್ತದೆ, ಊಟಕ್ಕೆ ಕೂರೋಣ ಅನಿಸುತ್ತದೆ. ಕೂರಬೇಡಿ. ಕೊರಕಲಿಗೆ ನೀರು ಬರಲು ನಿಮ್ಮ ತಲೆಯ ಮೇಲೆ ಮಳೆ ಬೀಳಬೇಕಿಲ್ಲ, ದೂರದ ಮೇಲ್ಗಡೆ ಬಿದ್ದರೂ ಸಾಕು. ಮೇಲ್ಗಡೆ ಕಪ್ಪು ಮೋಡ ಕಂಡರೆ ಏಣು ಹತ್ತಿಬಿಡಿ. ತೊರೆಯ ತಿಳಿನೀರು ಇದ್ದಕ್ಕಿದ್ದ ಹಾಗೆ ಕೆಂಪಗಾದರೆ, ಕಸಕಡ್ಡಿ ತೇಲಿ ಬರತೊಡಗಿದರೆ ಸೈಕಲ್ ಬಿಟ್ಟಾದರೂ ಮೇಲೆ ಹತ್ತಿ. ಆ ಹೊತ್ತಿನಲ್ಲಿ ದಾಟಿಬಿಡೋಣ ಅನ್ನುವ ಯೋಚನೆ ಬರಲೇಬಾರದು.

ಮಳೆ ನಿಂತ ಮಾರನೇ ದಿನವೂ ಅಲ್ಲಿ ತುಳಿಯಬೇಡಿ. ಇದನ್ನು ನಾನು ಬರೀ ನಿಮ್ಮ ಒಳಿತಿಗೆ ಹೇಳುತ್ತಿಲ್ಲ. ಒದ್ದೆ ಮಣ್ಣಿನಲ್ಲಿ ಟಯರ್ ಕೊರೆದ ಗೆರೆ ಮುಂದಿನ ಮಳೆಗೆ ಕಾಲುವೆಯಾಗುತ್ತದೆ, ಇಳಿಜಾರಿನಲ್ಲಿ ಅದೇ ಹೊಸ ಕೊರಕಲಿನ ಶುರು. ಆ ಕೊರಕಲು ತಿನ್ನುವುದು ಯಾರದೋ ಹೊಲವನ್ನು. ಹಿಮ್ಮಡಿಯಿಂದ ನೆಲ ಒತ್ತಿ ನೋಡಿ; ಗುರುತು ಆಳವಾಗಿ ಬಿದ್ದು ನೀರು ಜಿನುಗಿದರೆ ವಾಪಸಾಗಿ. ದಾರಿ ಆರಿಸುವಾಗಲೂ ಇದೇ ಕಾಳಜಿ ಇರಲಿ. 1988ರಲ್ಲಿ ಶುರುವಾದ ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘ ದಾರಿ ಕಟ್ಟುವವರಿಗೆ ಒಂದು ಸೂತ್ರ ಕೊಟ್ಟಿದೆ: ದಾರಿಯ ಏರು ಅದು ಹಾದುಹೋಗುವ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು, ಸರಾಸರಿ ಶೇ. 10 ಮೀರಬಾರದು. ಹಾಗಿದ್ದರೆ ನೀರು ದಾರಿಯನ್ನು ಅಡ್ಡ ದಾಟಿ ಹೋಗುತ್ತದೆ, ದಾರಿ ಗುಂಟ ಹರಿಯುವುದಿಲ್ಲ. ನೇರ ಕೆಳಕ್ಕೆ ಬೀಳುವ ಕಾಲುದಾರಿಗಿಂತ ಓರೆಯಾಗಿ ಇಳಿಯುವುದನ್ನು ಆರಿಸಿದರೆ ನಿಮಗೂ ತುಳಿಯಲು ಸುಲಭ, ನೆಲಕ್ಕೂ ಒಳ್ಳೆಯದು. ಬೆಳೆಯ ನಡುವೆ ಹೋಗಬೇಡಿ, ಗೇಟ್ ಹೇಗಿತ್ತೋ ಹಾಗೇ ಬಿಡಿ, ದನ ಎದುರಾದರೆ ಇಳಿದು ನಿಲ್ಲಿ.

ಸೈಕಲ್ ವಿಷಯ ಬೇಗ ಮುಗಿಸುತ್ತೇನೆ. ಫುಲ್ ಸಸ್ಪೆನ್ಷನ್ ಬೇಕಿಲ್ಲ. ಎತ್ತಿಕೊಂಡು, ನೂಕಿಕೊಂಡು ಹೋಗುವುದೇ ಇಷ್ಟಿರುವಾಗ ಹಗುರವಾದ ಹಾರ್ಡ್‌ಟೇಲ್ ವಾಸಿ. ದುಡ್ಡು ಹಾಕುವುದಾದರೆ ಮೊದಲು ಟಯರ್‌ಗೆ ಹಾಕಿ: 2.3 ಅಥವಾ 2.4 ಇಂಚು, ಟ್ಯೂಬ್‌ಲೆಸ್, ಒಳಗೆ ತೂತು ಮುಚ್ಚುವ ದ್ರವ, ಅಂದರೆ ಸೀಲಂಟ್. ಮುಳ್ಳಿನ ಕಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. 70 ಕೆ.ಜಿ. ತೂಕದವರಿಗೆ ಮುಂದೆ 20–22, ಹಿಂದೆ 23–25 ಪಿಎಸ್‌ಐ ಗಾಳಿಯಿಂದ ಶುರು ಮಾಡಿ, ಆಮೇಲೆ ನಿಮಗೆ ಹಿಡಿಸಿದಂತೆ ಹೊಂದಿಸಿಕೊಳ್ಳಿ. ರಸ್ತೆಯ ಗಾಳಿಯಲ್ಲೇ ಹೋದರೆ ಮರಳಿನಲ್ಲಿ ಹೂತು, ಏರಿನಲ್ಲಿ ಜಾರುತ್ತೀರಿ. ಆಮೇಲೆ ಗೇರ್: ಮುಂದೆ 32, ಹಿಂದೆ 51 ಹಲ್ಲು ಇದ್ದರೆ, ನಿಮಿಷಕ್ಕೆ 60 ಸುತ್ತು ತುಳಿದಾಗ ಗಂಟೆಗೆ ಸುಮಾರು 5 ಕಿ.ಮೀ. ವೇಗದಲ್ಲಿ ಏರಬಹುದು. ಮೂರನೆಯದು, ಕೂತಲ್ಲೇ ಸೀಟ್ ಇಳಿಸುವ ಡ್ರಾಪರ್ ಪೋಸ್ಟ್. ಅದಿಲ್ಲದಿದ್ದರೆ ಸೀಟನ್ನು ರಸ್ತೆಯ ಎತ್ತರಕ್ಕಿಂತ ಒಂದೆರಡು ಇಂಚು ತಗ್ಗಿಸಿಯೇ ಹೊರಡಿ.

ನೀರು ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್ ಲೆಕ್ಕದಲ್ಲಿ ಹೊತ್ತುಕೊಳ್ಳಿ. ಹೊಲಗಳಿಂದ ಹರಿದು ಬಂದ ನದಿನೀರಿನಲ್ಲಿ ಕರಗಿರುವ ರಾಸಾಯನಿಕವನ್ನು ಸಾಮಾನ್ಯ ಫಿಲ್ಟರ್ ತೆಗೆಯಲಾರದು. ಆಳದಲ್ಲಿ ಫೋನ್ ಸಿಗ್ನಲ್ ಸಿಗುವುದು ಅಪರೂಪ, ಜಿಪಿಎಸ್ ಕೂಡ ಗೋಡೆಗೆ ಬಡಿದು ಬಂದ ಸಿಗ್ನಲ್ ಹಿಡಿದು ಪಕ್ಕದ ಏಣಿನ ಮೇಲೆ ನಿಮ್ಮನ್ನು ತೋರಿಸೀತು. ಹಾಗಾಗಿ ಒಬ್ಬೊಬ್ಬರ ಬಳಿಯೂ ಒಂದು ಸೀಟಿ ಇರಲಿ. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ ಊದುವುದು ಬೆಟ್ಟಗುಡ್ಡಗಳಲ್ಲಿ ಸಹಾಯ ಕೇಳುವ ಕ್ರಮ. ನಿಮಿಷಕ್ಕೆ ಮೂರು ಸಲ ಕೇಳಿಸಿದರೆ ಅದು ಉತ್ತರ.

ಮುಂದಿನ ಸಲಕ್ಕೆ ಹೀಗೆ ಮಾಡಿ. ಅದೇ ಜಾಗ, ಆದರೆ 24–26 ಕಿ.ಮೀ., ದಾಟು ಐದಕ್ಕಿಂತ ಜಾಸ್ತಿ ಬೇಡ. ಹೊಲದ ಮಟ್ಟದಿಂದ ಶುರು ಮಾಡಿ, ಕೊರಕಲಿನ ತಲೆಗಳ ಮೇಲಿಂದ ಹೋಗಿ. ಅಗಲವಾದ ಒಂದು ಏಣು ಹಿಡಿದು ನದಿಗೆ ಇಳಿಯಿರಿ. ನಕ್ಷೆಯಲ್ಲಿ ಆ ಏಣು ನದಿಯ ಹತ್ತಿರ ಕತ್ತಿಯಂತೆ ಕಿರಿದಾಗಿ ಕಡಿದು ಬೀಳುವುದಿಲ್ಲ ಅಂತ ಮೊದಲೇ ಖಚಿತ ಮಾಡಿಕೊಳ್ಳಿ. ಬಹಳ ಏಣುಗಳು ಹಾಗೇ ಮುಗಿಯುತ್ತವೆ. ಹಳೆಯ ದಂಡೆ ಗುಂಟ ಏಳೆಂಟು ಕಿ.ಮೀ. ತುಳಿದು, ಗಾಡಿದಾರಿ ಇರುವ ಇನ್ನೊಂದು ಏಣಿನಲ್ಲಿ ಮೇಲೆ ಬನ್ನಿ. ದಂಡೆಯಲ್ಲಿ ಗಂಟೆಗೆ 12, ಏಣಿನಲ್ಲಿ 8, ಒಂದೊಂದು ದಾಟಿಗೆ ಎಂಟು ನಿಮಿಷ ಅಂತ ಹೊತ್ತು ಲೆಕ್ಕ ಹಾಕಿ. ಅದರ ಮೇಲೆ ಒಂದು ತಾಸು ಕೈಯಲ್ಲಿಟ್ಟುಕೊಳ್ಳಿ. ಕೊರಕಲಿನೊಳಗೆ ಕತ್ತಲು ಮೇಲಿಗಿಂತ ಬೇಗ ಬೀಳುತ್ತದೆ. ಸೂರ್ಯ ಮುಳುಗುವ ಮೂರು ತಾಸು ಮೊದಲೇ ನದಿ ದಂಡೆ ಬಿಟ್ಟಿರಬೇಕು ಅಂತ ಮೂವರೂ ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ. ಎಷ್ಟು ಕಿ.ಮೀ. ಆಗಿದ್ದರೂ ಸರಿ, ಆ ಹೊತ್ತಿಗೆ ಹತ್ತಿರದ ಗಾಡಿದಾರಿ ಹಿಡಿದು ಮೇಲೆ ಬಂದುಬಿಡಿ.